ಸೈಕಲ್ಲು ಸರಿಯಲು ಬದಿ ಎಲ್ಲಿದೆ?

ಕಳೆದ ಮಳೆಗಾಲದ ಒಂದು ಸಂಜೆ ರಾಯಚೂರಿನಿಂದ ಮಾನ್ವಿಯತ್ತ ಕಾರಿನಲ್ಲಿ ಹೊರಟಿದ್ದೆ. ಎದುರಿನಿಂದ ಭತ್ತದ ಲಾರಿ ಬರುತ್ತಿತ್ತು. ನನ್ನ ಮುಂದೆ, ಶಾಲೆ ಬಿಟ್ಟು ಊರಿಗೆ ಮರಳುತ್ತಿದ್ದ ಹುಡುಗನೊಬ್ಬ ಸೈಕಲ್ಲು ತುಳಿಯುತ್ತಿದ್ದ. ನಾನು ವೇಗ ತಗ್ಗಿಸಬೇಕಿತ್ತು, ಹಾರನ್ ಬಾರಿಸಿದೆ. ಹುಡುಗ ಗಾಬರಿಯಾಗಿ ಡಾಂಬರಿನಿಂದ ಕೆಳಗಿಳಿದ. ಮುಂದಿನ ಗಾಲಿ ಎರೆಮಣ್ಣಿನಲ್ಲಿ ಹೂತು ಬಿದ್ದುಬಿಟ್ಟ. ಕಾರು ನಿಲ್ಲಿಸಿ ಓಡಿದೆ. ತರಚಿದ ಮೊಣಕೈ ಒರೆಸಿಕೊಳ್ಳುತ್ತ ಅವನೇ ಹೇಳಿದ: "ಏನೂ ಆಗಿಲ್ರೀ ಸರ್, ನಂದೇ ತಪ್ಪ್ರೀ."

ತಪ್ಪು ಅವನದಾಗಿರಲಿಲ್ಲ. ಈ ಸೀಮೆಯ ಎರೆಭೂಮಿ ಬಲ್ಲವರಿಗೆ ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಬಾಯಿಬಿಡುವ ನೆಲ ಒಂದು ಮಳೆಗೆ ಅಂಟಾಗಿ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಪದರದ ಮೇಲೆ ಪದರ ಹಾಕಿದ ಡಾಂಬರು ಎತ್ತರವಾಗುತ್ತ, ಅಂಚಿನ ಮಣ್ಣು ಕೊಚ್ಚಿಹೋಗುತ್ತ, ಎಷ್ಟೋ ಕಡೆ ಗೇಣುದ್ದದ ಮೆಟ್ಟಿಲೇ ಆಗಿದೆ. "ಬದಿಗೆ ಸರಿ" ಎಂದು ಹಾರನ್ ಬಾರಿಸುವವನಿಗೆ ಅದು ಕಾಣುವುದಿಲ್ಲ. ಸಾಲದ್ದಕ್ಕೆ ಸುಗ್ಗಿಯಲ್ಲಿ ರಸ್ತೆಯ ಒಂದು ಮಗ್ಗುಲು ಭತ್ತ ಒಣಗಿಸುವ ಕಣವಾಗುತ್ತದೆ. ಕತ್ತಲಾದರೆ ಹಿಂದೀಪವಿಲ್ಲದ ಹತ್ತಿಯ ಟ್ರ್ಯಾಕ್ಟರುಗಳು, ಕಣ್ಣು ಕುಕ್ಕುವ ಹೆಡ್‌ಲೈಟುಗಳು.

ಕಾನೂನು ಯಾರ ಪರ ಎಂಬುದರಲ್ಲಿ ಗೊಂದಲವಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ಸುರಕ್ಷತೆಗೆ ವಿಶೇಷ ಎಚ್ಚರ ವಹಿಸುವ ಹೊಣೆಯನ್ನು ಚಾಲಕನ ಮೇಲೇ ಹೊರಿಸಿದೆ. ಬ್ರಿಟನ್ 2022ರಲ್ಲಿ ಇನ್ನೂ ಸ್ಪಷ್ಟವಾಗಿ, ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ತನ್ನ ಹೆದ್ದಾರಿ ಸಂಹಿತೆಯಲ್ಲಿ ಬರೆದುಕೊಂಡಿತು. ನಮ್ಮಲ್ಲಿ ಪರವಾನಗಿ ಪಡೆದವರಲ್ಲಿ ಈ ನಿಯಮಾವಳಿಯನ್ನು ಓದಿದವರೆಷ್ಟು? ನಾನಂತೂ ಆ ಹುಡುಗ ಬಿದ್ದ ಮೇಲೆಯೇ ಓದಿದ್ದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಸೈಕಲ್ ಸವಾರರು 4,800ಕ್ಕೂ ಹೆಚ್ಚು. ಅದೇ ವರ್ಷ, ಗುದ್ದಿದ ವಾಹನ ನಿಲ್ಲದೆ ಓಡಿಹೋದ ಪ್ರಕರಣಗಳಲ್ಲಿ ಸತ್ತವರು 30,000 ಮೀರಿದರು. ಜನ ಹೊಡೆಯುತ್ತಾರೆಂಬ ಭಯ ಚಾಲಕರಿಗಿರುವುದು ನಿಜ. ಆದರೆ ಸಮೀಪದ ಠಾಣೆಗೆ ಹೋಗಿ ತಿಳಿಸಲು, 108ಕ್ಕೆ ಕರೆ ಮಾಡಲು ಆ ಭಯ ಅಡ್ಡಿಯಾಗಬೇಕಿಲ್ಲ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು. ನಾಲ್ಕು ವರ್ಷದ ಬಳಿಕ, 2006–07ರಲ್ಲಿ, ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತು. ಊರಲ್ಲಿ ಪ್ರೌಢಶಾಲೆಯಿಲ್ಲದ ಹೆಣ್ಣುಮಕ್ಕಳು ದೂರದ ಶಾಲೆ ಸೇರಲು ಸೈಕಲ್ಲು ಎಂಥ ಆಸರೆಯೆಂಬುದನ್ನು ಈ ಭಾಗದ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಸೈಕಲ್ಲು ಕೊಟ್ಟ ಸರ್ಕಾರ ಅದು ಓಡುವ ಅಂಚಿನ ಬಗ್ಗೆ ಯೋಚಿಸಲಿಲ್ಲ. 2024ರ ಸೆಪ್ಟೆಂಬರ್ 5ರಂದು ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸು ಮತ್ತು ಸಾರಿಗೆ ಬಸ್ಸು ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಬಸ್ಸಿನ ತಗಡು ಕಾಯದ ರಸ್ತೆಯಲ್ಲಿ ಸೈಕಲ್ಲಿನ ಮಗುವನ್ನು ಕಾಯುವುದು ಚಾಲಕನ ಬಲಗಾಲು ಮಾತ್ರ.

ದೊಡ್ಡ ಯೋಜನೆಯೇನೂ ಬೇಕಿಲ್ಲ. ಮಳೆಗೆ ಮುನ್ನ ಲೋಕೋಪಯೋಗಿ ಇಲಾಖೆ ಡಾಂಬರಿನ ಮಟ್ಟಕ್ಕೆ ಗರಸು ತುಂಬಿ ಗಟ್ಟಿಗೊಳಿಸಲಿ; ಮೊದಲು ಪ್ರೌಢಶಾಲೆಗಳ ಎರಡೂ ದಿಕ್ಕಿಗೆ, ಮಕ್ಕಳು ಬರುವ ದೂರದಷ್ಟು. ಶಾಲೆ ಬಿಡುವ ವೇಳೆಯಲ್ಲಿ ಪೊಲೀಸರು ಹೆಲ್ಮೆಟ್ಟಿನ ಜೊತೆಗೆ ವೇಗವನ್ನೂ ನೋಡಲಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೇವೆ, ಬ್ರೇಕಿನ ಮೇಲೆ ಕಾಲಿಡುವ ಮೊದಲೇ.

ಈಗ ಅದೇ ರಸ್ತೆಯಲ್ಲಿ ಎದುರು ವಾಹನ ಬಂದರೆ ಸೈಕಲ್ಲಿನ ಹಿಂದೆಯೇ ಎರಡನೇ ಗೇರಿನಲ್ಲಿ ಹೋಗುತ್ತೇನೆ. ಹಿಂದಿನವರು ನನಗೆ ಹಾರನ್ ಬಾರಿಸುತ್ತಾರೆ. ಲಾರಿ ದಾಟಲು ಹಿಡಿಯುವುದು ಹತ್ತು ಸೆಕೆಂಡು. ಒಮ್ಮೆ ಎಣಿಸಿ ನೋಡಿದ್ದೇನೆ.