ಪಕ್ಕದವರನ್ನು ತಗ್ಗಿಸುವ ನರ: ಹತ್ತನೇ ತರಗತಿಯಲ್ಲಿ ಒಂದು ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆ. ಹತ್ತನೇ ತರಗತಿ, ನರವ್ಯೂಹದ ಪಾಠ. ನರವನ್ನು ಟೆಲಿಫೋನ್ ತಂತಿಗೆ ಹೋಲಿಸಿ, ಚರ್ಮದಿಂದ ಮಿದುಳಿಗೆ ಬಾಣದ ಗುರುತು ಎಳೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಎಲ್ಲಾ ಸಂದೇಶಾನೂ ಹೋಗೋದಾದ್ರೆ ಮೈಮೇಲಿರೋ ಯೂನಿಫಾರಂ ಯಾಕೆ ಗೊತ್ತಾಗ್ತಾ ಇಲ್ಲ ಮಿಸ್?”

ನರಗಳು ಒಂದನ್ನೊಂದು ತಡೆಯುತ್ತವೆ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದು ನೆನಪಾಯಿತು. “ನರಗಳ ಪ್ರತಿಬಂಧದಿಂದ” ಎಂದುಬಿಟ್ಟೆ. ಉತ್ತರ ತಪ್ಪು. ಒತ್ತಡ ಬದಲಾಗದೆ ಹಾಗೇ ಇದ್ದರೆ ಚರ್ಮದ ಅನೇಕ ಗ್ರಾಹಕಗಳು ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಸುಮ್ಮನಾಗುತ್ತವೆ. ಬಟ್ಟೆ ಮರೆತುಹೋಗಲು ಮುಖ್ಯ ಕಾರಣ ಇದು, ಇದರ ಹೆಸರು ಹೊಂದಾಣಿಕೆ. ಪ್ರತಿಬಂಧದಲ್ಲಾದರೋ ಒಂದು ನರಕೋಶವನ್ನು ಇನ್ನೊಂದು ಸುಮ್ಮನಿರಿಸುತ್ತದೆ. ಇವೆರಡನ್ನೂ ಕಲಸಿದೆನೆಂದು ಹೊಳೆದದ್ದು ಸಂಜೆ ಚಿಕ್ಕಬಳ್ಳಾಪುರಕ್ಕೆ ಮರಳುವ ಬಸ್ಸಿನಲ್ಲಿ.

ಮರುದಿನ ತಪ್ಪು ಒಪ್ಪಿಕೊಂಡೇ ಪಾಠ ಶುರುಮಾಡಿದೆ. ಪಕ್ಕದವರನ್ನು ತಡೆಯುವುದರಿಂದ ನರಗಳಿಗೇನು ಲಾಭ? ಎಂಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರೂ ಕಣ್ಣಿನ ಒಂದೊಂದು ನರಕೋಶ. ಎಡಗಡೆಯ ನಾಲ್ವರ ಮೇಲೆ ಮಂದ ಬೆಳಕು, ಚೀಟಿಯಲ್ಲಿ 10. ಬಲಗಡೆಯ ನಾಲ್ವರ ಮೇಲೆ ಹೆಚ್ಚು ಬೆಳಕು, ಚೀಟಿಯಲ್ಲಿ 20. ನಿಯಮ ಒಂದೇ: ಎಡಬಲದ ಇಬ್ಬರ ಚೀಟಿಗಳಿಂದಲೂ ಐದನೇ ಒಂದು ಭಾಗವನ್ನು ನಿಮ್ಮ ಸಂಖ್ಯೆಯಿಂದ ಕಳೆಯಿರಿ. ಮಂದ ಬೆಳಕಿನ ನಡುವೆ ಇದ್ದವರಿಗೆ 6 ಬಂತು. ಗಡಿಯಲ್ಲಿದ್ದ ನಾಲ್ಕನೆಯವನಿಗೆ 4. ಗಡಿಯಾಚೆಯ ಐದನೆಯವಳಿಗೆ 14. ಅವಳ ಪಕ್ಕದ ಇಬ್ಬರಿಗೂ 12. ಬೆಳಕು ಎರಡೇ ಬಗೆಯದಾದರೂ ಗಡಿಯ ಈಚೆ ಇನ್ನಷ್ಟು ಕಪ್ಪು, ಆಚೆ ಇನ್ನಷ್ಟು ಬೆಳಕು. ಅಂಚು ಎದ್ದು ಕಾಣುವುದು ಹೀಗೆ.

ಅಷ್ಟರಲ್ಲಿ ಬಲತುದಿಯ ಹುಡುಗ, “ನಂಗೆ 16 ಬಂತು, ನಾನು ಗಡೀಲಿ ಇಲ್ವಲ್ಲ?” ಎಂದ. ಅವನಿಗೆ ಒಂದು ಕಡೆ ಪಕ್ಕದವರೇ ಇಲ್ಲವೆಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಚಿಂತಾಮಣಿಯಲ್ಲಿ ಪಾಠ ಮಾಡುತ್ತಿದ್ದ ಸಹಪಾಠಿ ಇದನ್ನು ಕೇಳಿ, ತನ್ನ ತರಗತಿಯಲ್ಲಿ ಹತ್ತು ಮಂದಿಯನ್ನು ನಿಲ್ಲಿಸಿ, ತುದಿಯ ಇಬ್ಬರ ಉತ್ತರವನ್ನು ಕೇಳದೆ ಬಿಟ್ಟಳು. ನೀವೂ ಹಾಗೇ ಮಾಡಿ.

ಆಮೇಲೆ ತಿಳಿಯಿಂದ ಗಾಢಕ್ಕೆ ಜೋಡಿಸಿದ ಐದು ಬೂದು ಪಟ್ಟಿಗಳ ಚಾರ್ಟ್ ತೋರಿಸಿದೆ. ಪ್ರತಿ ಪಟ್ಟಿಯ ಬಣ್ಣ ಉದ್ದಕ್ಕೂ ಒಂದೇ. ಆದರೂ ಗಾಢ ಪಟ್ಟಿಗೆ ತಾಗಿದ ಅಂಚು ಬೆಳ್ಳಗೆ ಕಾಣುತ್ತದೆ. ಅಕ್ಕಪಕ್ಕದ ಪಟ್ಟಿಗಳನ್ನು ಕಾಗದದಿಂದ ಮುಚ್ಚಿದರೆ ಆ ಬಿಳುಪು ಮಾಯ. ಇಂಥ ಅಂಚಿನ ಪಟ್ಟೆಗಳನ್ನು 1865ರಲ್ಲಿ ಎರ್ನ್‌ಸ್ಟ್ ಮಾಖ್ ವಿವರಿಸಿ, ಕಣ್ಣಿನೊಳಗೇ ಪರಸ್ಪರ ತಡೆ ಇರಬೇಕೆಂದು ಊಹಿಸಿದ. ಅದನ್ನು ನರದಲ್ಲೇ ಅಳೆದವನು ಹಾರ್ಟ್‌ಲೈನ್. ಕುದುರೆಲಾಳದ ಏಡಿಯ ಕಣ್ಣಿನ ಒಂದು ಘಟಕಕ್ಕೆ ಬೆಳಕು ಬಿಟ್ಟು ನರದ ಮಿಡಿತ ಎಣಿಸಿದ. ಪಕ್ಕದ ಘಟಕಕ್ಕೂ ಬೆಳಕು ಬಿಟ್ಟಾಗ ಮೊದಲನೆಯದರ ಮಿಡಿತ ಇಳಿಯಿತು. 1967ರ ನೊಬೆಲ್‌ನಲ್ಲಿ ಅವನಿಗೂ ಪಾಲು ಸಿಕ್ಕಿತು. (ನಮ್ಮ ಆಟ ಸರಳೀಕೃತ. ಏಡಿಯಲ್ಲಿ ಘಟಕವನ್ನು ತಗ್ಗಿಸುವುದು ನೆರೆಯದರ ಮೇಲೆ ಬಿದ್ದ ಬೆಳಕಲ್ಲ, ನೆರೆಯದು ಹೊರಡಿಸುವ ಮಿಡಿತ.)

ಚರ್ಮಕ್ಕೆ ಪೊರಕೆಕಡ್ಡಿ ಸಾಕು. ಗೌರಿಬಿದನೂರಿನ ಗೆಳೆಯ ಕೈವಾರ ಬಳಸಿ ಮಕ್ಕಳಿಗೆ ಚುಚ್ಚಿಸಿದ ಮೇಲೆ ನಾನು ಕಡ್ಡಿಗೆ ಬದಲಾದೆ. ಕಣ್ಣು ಮುಚ್ಚಿದವರಿಗೆ ಎರಡು ಕಡ್ಡಿಗಳನ್ನು ಒಟ್ಟಿಗೆ ತಾಗಿಸಿ. ಬೆರಳ ತುದಿಯಲ್ಲಿ ಎರಡು-ಮೂರು ಮಿಲಿಮೀಟರ್ ಅಂತರವಿದ್ದರೂ ‘ಎರಡು’ ಎನ್ನುತ್ತಾರೆ. ಮುಂದೋಳಿನಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್ ಬೇಕಾಗಬಹುದು. “ನಮ್ಮಮ್ಮ ಬಿಸಿನೀರಲ್ಲಿ ಗೂಡಿನ ಎಳೆ ಬೆರಳಲ್ಲೇ ಹುಡುಕ್ತಾಳೆ” ಎಂದ ರೀಲರ್ ಮನೆಯ ಹುಡುಗ. ಬೆರಳಲ್ಲಿ ಗ್ರಾಹಕಗಳು ದಟ್ಟವಾಗಿವೆ ಎಂಬುದು ಅರ್ಧ ಕಾರಣ. ಎರಡು ಸ್ಪರ್ಶಗಳ ನಡುವಿನ ನರಕೋಶಗಳು ಎರಡೂ ಕಡೆಯಿಂದ ತಗ್ಗುವುದರಿಂದ ಎರಡು ಗುಡ್ಡಗಳ ನಡುವೆ ಕಣಿವೆ ಉಳಿಯುತ್ತದೆ. ಅದಿಲ್ಲದಿದ್ದರೆ ಎರಡೂ ಸೇರಿ ಒಂದೇ ದಿಣ್ಣೆ.

ಕಿವಿಯಲ್ಲೂ ವಾಸನೆಯ ದಾರಿಯಲ್ಲೂ ಇಂಥ ತಡೆ ಇದೆ. ನೋವಿಗೂ ಇದೆ: ಮೊಣಕಾಲು ತಗುಲಿದೊಡನೆ ಉಜ್ಜಿಕೊಳ್ಳುತ್ತೇವೆ. ಸ್ಪರ್ಶದ ದಪ್ಪ ನರತಂತುಗಳ ಚಟುವಟಿಕೆ ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಗ್ಗಿಸುತ್ತದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದರು. ವಿವರಗಳು ಆಮೇಲೆ ತಿದ್ದುಪಡಿಯಾದರೂ ಮೂಲ ವಿಚಾರ ಉಳಿದಿದೆ.

ವೀಕ್ಷಣಾ ಪುಸ್ತಕದಲ್ಲಿ ನನಗೆ ಬಂದ ಷರಾ: “ಪಠ್ಯದಲ್ಲಿಲ್ಲದ ವಿಷಯಕ್ಕೆ ಅರ್ಧ ಅವಧಿ.” ಸಮಯದ ಲೆಕ್ಕ ನಿಜ. ಆದರೆ ತಂತಿಯ ಹೋಲಿಕೆಯನ್ನು ಹಾಗೇ ಬಿಟ್ಟಿದ್ದರೆ ಆ ಹುಡುಗಿಯ ಪ್ರಶ್ನೆಗೆ ಜಾಗವೇ ಇರುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಗಂಟೆ ಹೊಡೆಯುವ ಮೊದಲು ಅವಳು ಮತ್ತೆ ಕೇಳಿದಳು: “ಯಾರೂ ಯಾರನ್ನೂ ತಡೀದೇ ಇದ್ರೆ?” ಈ ಸಲ ಆತುರಪಡದೆ, ಧನುರ್ವಾಯು ಗೊತ್ತಾ ಎಂದೆ. ಅದರ ವಿಷ ಬೆನ್ನುಹುರಿಯಲ್ಲಿ ತಡೆಯುವ ನರಕೋಶಗಳ ಬಾಯಿ ಕಟ್ಟುತ್ತದೆ. ಆಗ ಎದುರುಬದಿರು ಎಳೆಯುವ ಸ್ನಾಯುಗಳು ಒಟ್ಟಿಗೆ ಬಿಗಿದು ಮೈ ಬಿಲ್ಲಿನಂತೆ ಬಾಗುತ್ತದೆ. ಸಣ್ಣ ಸದ್ದಿಗೂ ಸೆಳೆತ ಬರುವುದರಿಂದ ರೋಗಿಯನ್ನು ಸದ್ದಿಲ್ಲದ, ಮಬ್ಬು ಬೆಳಕಿನ ಕೋಣೆಯಲ್ಲಿ ಇಡುತ್ತಾರೆ. ಅರ್ಧ ತರಗತಿ ತೋಳು ಮಡಚಿ ಶಾಲೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡ ಜಾಗ ತೋರಿಸಿತು.