ಫೋನೇ ಕ್ಯಾಮರಾ, ಪಡಸಾಲೆಯೇ ಸ್ಟುಡಿಯೊ!

ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಪಕ್ಕದ ಮನೆಯಾಕೆಯೊಡನೆ ನೀವಾಡುವ ಮಾತಿದೆಯಲ್ಲ, ಅದರಲ್ಲಿ ಏನುಂಟು ಏನಿಲ್ಲ! ಅಡುಗೆ, ಬಾಣಂತನ, ಬೆಳೆ, ಚೀಟಿ, ನಾಟಕ, ನೋವು, ನಗೆ ಎಲ್ಲವೂ ಬಂದುಹೋಗುತ್ತವೆ. ಇಂಥ ಮಾತುಕತೆಯನ್ನೇ ಚಿತ್ರದೊಡನೆ ಮುದ್ರಿಸಿ, ವಾರಕ್ಕೋ ಹದಿನೈದು ದಿನಕ್ಕೋ ಒಂದರಂತೆ ಜನರಿಗೆ ಮುಟ್ಟಿಸಿದರೆ ಅದೇ ವಿಡಿಯೊ ಪಾಡ್‌ಕಾಸ್ಟ್. ‘ಐಪಾಡ್’ ಮತ್ತು ‘ಬ್ರಾಡ್‌ಕಾಸ್ಟ್’ ಎಂಬ ಎರಡು ಮಾತು ಕೂಡಿ 2004ರಲ್ಲಿ ಹುಟ್ಟಿದ ಹೆಸರಿದು. ಹೆಸರು ಪರದೇಶದ್ದಾದರೂ ಕೆಲಸ ನಮ್ಮ ಕಟ್ಟೆಯ ಮೇಲಿನದೇ!

“ಅಯ್ಯೋ, ಅದೆಲ್ಲಾ ನಮಗೇನ್ ಬರ್ತೈತ್ರೀ?” ಎನ್ನಬೇಡಿ. ನಿಮ್ಮ ಕೈಯಲ್ಲಿರುವ ಫೋನು ಸಾಕು. ಬೇಕಾದದ್ದು ಎದುರಿಗೆ ಕೂತವರ ಮಾತು ಕೇಳುವ ತಾಳ್ಮೆ.

ಏಕೆ ಮಾಡಬೇಕು?

ನಮ್ಮದೇ ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ದರೋಜಿ ಈರಮ್ಮನವರ ಹೆಸರು ಕೇಳಿದ್ದೀರಲ್ಲ? ಬುರ್ರಕಥೆಯ ಈರಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕುಮಾರರಾಮನ ಕಥೆಯಂಥ ದೊಡ್ಡ ದೊಡ್ಡ ಕಾವ್ಯಗಳು ನಾಲಗೆಯ ತುದಿಯಲ್ಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ವಿದ್ವಾಂಸರು ಎದುರು ಕೂತು, ತಾಳ್ಮೆಯಿಂದ ಧ್ವನಿ ಮುದ್ರಿಸಿ ಬರಹಕ್ಕಿಳಿಸಿದ್ದರಿಂದ ಆ ಕಾವ್ಯಗಳು ಉಳಿದುಕೊಂಡವು.

ಈಗ ನಿಮ್ಮ ಓಣಿಯನ್ನೇ ನೋಡಿ. ಸಿರುಗುಪ್ಪದ ಗದ್ದೆಯಲ್ಲಿ ಹತ್ತಾರು ವರ್ಷ ಭತ್ತ ನಾಟಿ ಮಾಡಿದ ಅಜ್ಜಿ, ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯನ್ನು ಚಿಕ್ಕಂದಿನಿಂದ ಕಂಡ ಅತ್ತೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಮಕ್ಕಳನ್ನು ಓದಿಸಿದ ಅಕ್ಕ... ಇವರ ಎದುರು ಯಾವ ವಿದ್ವಾಂಸರು ಬಂದು ಕೂರುತ್ತಾರೆ? ನಾವೇ ಕೂರಬೇಕು!

ಮೊದಲು ಸದ್ದು, ಆಮೇಲೆ ಚಿತ್ರ

ಚಿತ್ರ ಕೊಂಚ ಮಂಕಾದರೆ ನೋಡುಗರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆದ್ದರಿಂದ ಕೈಯಲ್ಲಿ ದುಡ್ಡಿದ್ದರೆ ಮೊದಲು ಕೊಳ್ಳಬೇಕಾದದ್ದು ಮೈಕು. ಸೆರಗಿಗೆ ಸಿಕ್ಕಿಸುವ ತಂತಿಯ ಮೈಕು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಬಳೆ, ಸರ ಅದಕ್ಕೆ ತಾಗದಿರಲಿ.

ಬರಿಗೋಡೆಯ ಕೋಣೆಯಲ್ಲಿ ಮಾತು ಪ್ರತಿಧ್ವನಿಸುತ್ತದೆ. ಹಾಸಿಗೆ, ಕೌದಿ, ಬಟ್ಟೆ ತುಂಬಿದ ಕೋಣೆಯೇ ಒಳ್ಳೆಯದು. ಫ್ಯಾನು ಆರಿಸಲೇಬೇಕು. “ನಲವತ್ತು ಡಿಗ್ರಿ ಬಿಸಿಲಾಗ ಫ್ಯಾನ್ ಆರಿಸಿದ್ರ ಬದುಕ್ತೀವೇನ್ರೀ?” ಎಂದಿರಾ? ಸರಿ, ಬೆಳಗಿನ ಆರೂವರೆಗೇ ಮುಗಿಸಿ. ಆಗ ವಾಹನಗಳ ಗದ್ದಲವೂ ಕಡಿಮೆ. ಕುಕ್ಕರನ್ನು ಮಾತ್ರ ಒಲೆಗೆ ಏರಿಸಿ ಬರಬೇಡಿ!

ಬೆಳಕಿಗೆ ಕಿಟಕಿ ಸಾಕು. ಮಾತಾಡುವವರ ಮುಖ ಕಿಟಕಿಯ ಕಡೆಗಿರಲಿ. ಬೆನ್ನು ಕಿಟಕಿಗಾದರೆ ಮುಖ ಕಪ್ಪಾಗಿ ಕಾಣುತ್ತದೆ. ಫೋನನ್ನು ಅಡ್ಡಲಾಗಿ, ಕಣ್ಣಿನ ಮಟ್ಟಕ್ಕೆ ಡಬ್ಬಿಗಳ ಮೇಲಾದರೂ ನಿಲ್ಲಿಸಿ. ಕರೆ ಬಾರದಂತೆ ಏರೋಪ್ಲೇನ್ ಮೋಡ್‌ಗೆ ಹಾಕಿ. ಒಳ್ಳೆಯ ಗುಣಮಟ್ಟದ ವಿಡಿಯೊ ನಿಮಿಷಕ್ಕೆ ಸುಮಾರು 60ರಿಂದ 130 ಎಂಬಿ ಜಾಗ ತಿನ್ನುತ್ತದೆ, ಅರ್ಧ ಗಂಟೆಗೆ 4 ಜಿಬಿಯಷ್ಟು ಖಾಲಿ ಇರಲಿ. ಎರಡು ಫೋನು ಬಳಸುವುದಾದರೆ ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಆ ಸದ್ದಿನ ಗುರುತಿನಿಂದ ಎರಡು ಚಿತ್ರಗಳನ್ನೂ ಹೊಂದಿಸಬಹುದು.

ಕೇಳುವುದೇ ಕಲೆ

ಐದಾರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಆದರೆ ಚೀಟಿ ನೋಡಿ ಓದಬೇಡಿ. “ನಿಮ್ಮ ಜೀವನದ ಬಗ್ಗೆ ಹೇಳಿ” ಎಂದರೆ ಯಾರಿಗೂ ಬಾಯಿ ಬರುವುದಿಲ್ಲ. “ಅಜ್ಜೀ, ನಾಟಿಗೆ ಹೋಗೋ ದಿನ ಬೆಳಿಗ್ಗೆ ಎಷ್ಟಕ್ಕ ಏಳ್ತಿದ್ರಿ? ಬುತ್ತಿಗೆ ಏನ್ ಕಟ್ಟಿಕೊಳ್ತಿದ್ರಿ?” ಎಂದು ಕೇಳಿ ನೋಡಿ, ಕಥೆ ತಾನೇ ಬಿಚ್ಚಿಕೊಳ್ಳುತ್ತದೆ! ಅವರು ಸುಮ್ಮನಾದರೆ ನೀವೂ ಒಂದು ಗಳಿಗೆ ಸುಮ್ಮನಿರಿ. ಮುಖ್ಯವಾದ ಮಾತು ಎಷ್ಟೋ ಸಲ ಆ ಮೌನದ ನಂತರವೇ ಬರುತ್ತದೆ. ನಮ್ಮ ಕಡೆಯ, ತೆಲುಗು ಬೆರೆತ ಮಾತನ್ನು ತಿದ್ದಲು ಹೋಗಬೇಡಿ. ಅದರಲ್ಲೇ ರುಚಿ ಇರುವುದು.

ಲೋಕಕ್ಕೆ ಬಿಡುವ ಮುನ್ನ

ಯೂಟ್ಯೂಬಿನಲ್ಲಿ ಚಾನೆಲ್ ತೆರೆಯಲು ದುಡ್ಡು ಬೇಡ. ಹದಿನೈದು ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲು ಮಾತ್ರ ಫೋನ್ ಸಂಖ್ಯೆ ಕೊಟ್ಟು ದೃಢಪಡಿಸಬೇಕು. ಸಂಚಿಕೆಗಳನ್ನೆಲ್ಲ ಒಂದು ಪ್ಲೇಲಿಸ್ಟಿಗೆ ಸೇರಿಸಿ ಅದನ್ನು ‘ಪಾಡ್‌ಕಾಸ್ಟ್’ ಎಂದು ಗುರುತಿಸಿದರಾಯಿತು. ಹಿನ್ನೆಲೆಗೆ ಸಿನಿಮಾ ಹಾಡು ಬೇಡ, ಹಕ್ಕುದಾರರ ತಕರಾರು ಬರುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ನಂಬಿ ಕೂತ ಹೆಣ್ಣುಮಗಳು ಸೊಸೆಯ ವಿಷಯವನ್ನೋ, ಗಂಡನ ಕುಡಿತವನ್ನೋ ಬಾಯ್ತಪ್ಪಿ ಆಡಿಬಿಡಬಹುದು. ಊರೆಲ್ಲಾ ನೋಡಿದ ಮೇಲೆ ಆಕೆ ಅದೇ ಮನೆಯಲ್ಲಿ ಬಾಳಬೇಕಲ್ಲ! ಆದ್ದರಿಂದ ವಿಡಿಯೊವನ್ನು ಮೊದಲು ‘ಅನ್‌ಲಿಸ್ಟೆಡ್’ ಎಂದು ಹಾಕಿ. ಲಿಂಕ್ ಇದ್ದವರಿಗಷ್ಟೇ ಅದು ಕಾಣುತ್ತದೆ. ಅತಿಥಿಗೆ ಪೂರ್ತಿ ತೋರಿಸಿ. “ಇದು ಬ್ಯಾಡ” ಎಂದದ್ದನ್ನು ತೆಗೆದ ಮೇಲೆಯೇ ಎಲ್ಲರಿಗೂ ಬಿಡಿ. ಮನೆಯ ವಿಳಾಸ, ಮಕ್ಕಳ ಶಾಲೆಯ ಹೆಸರು ಎಲ್ಲೂ ಕಾಣದಿರಲಿ. ಕೆಟ್ಟ ಮಾತು ಬರೆಯುವವರು ಬಂದರೆ ಉತ್ತರಿಸುತ್ತಾ ಕೂರಬೇಡಿ. ಅಳಿಸಿ, ಅವರಿಗೆ ಬಾಗಿಲು ಮುಚ್ಚಿ.

ಹಣ ಬರುತ್ತದೆಯೇ?

ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರೂ, ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೂ ಆಗಬೇಕು. ಇಪ್ಪತ್ತು ನಿಮಿಷದ ಸಂಚಿಕೆಗಳಾದರೆ ಕೊನೆಯವರೆಗೆ ನೋಡಿದವರ ಲೆಕ್ಕ 12,000 ಆಗಬೇಕು! ಹೀಗಾಗಿ ಇದನ್ನೇ ನೆಚ್ಚಿ ಸಾಲ ಮಾಡಿ ಕ್ಯಾಮರಾ ಕೊಳ್ಳಬೇಡಿ. ಹದಿನೈದು ದಿನಕ್ಕೊಂದರಂತೆ ಆರು ಸಂಚಿಕೆ ಮಾಡಿ ನೋಡಿ. ಮೂರು ತಿಂಗಳಲ್ಲಿ ನಿಮ್ಮ ಶಕ್ತಿ ನಿಮಗೇ ತಿಳಿಯುತ್ತದೆ.

ಮೊದಲ ಅತಿಥಿ ಯಾರು ಎಂದು ಯೋಚಿಸುತ್ತಿದ್ದೀರಾ? ನಿಮ್ಮ ಮನೆಯ ಅತಿ ಹಿರಿಯ ಹೆಂಗಸು! ನಾಳೆ ನಾಳೆ ಎಂದು ಮುಂದೂಡಬೇಡಿ. ಚಾನೆಲ್ಲು ಮುಂದಿನ ತಿಂಗಳು ತೆರೆದರೂ ನಡೆದೀತು, ಅಜ್ಜಿಯ ಮಾತು ಈ ಭಾನುವಾರವೇ ಮುದ್ರಣವಾಗಲಿ.