ಮನೆ ಕಂದಾಯದ ಚಲನ್ ಮತ್ತು ಪಾಲಿಕೆಯ ಬಜೆಟ್

ಒಂದು ಕಾಲಕ್ಕೆ ಬೇರೆಯೇ ಹಳ್ಳಿಯಾಗಿದ್ದ ಶಾಮನೂರು ಈಗ ದಾವಣಗೆರೆ ಮಹಾನಗರ ಪಾಲಿಕೆಯೊಳಗಿದೆ. ಅಲ್ಲಿಯ ಮನೆಯೊಂದರ ಕಂದಾಯದ ಚಲನ್ ತೆಗೆದು ನೋಡೋಣ. ಆಸ್ತಿ ತೆರಿಗೆ 1,000 ರೂಪಾಯಿ ಎಂದಿಟ್ಟುಕೊಂಡರೆ, ಅದರ ಕೆಳಗೆ ಆರೋಗ್ಯ ಕರ 150, ಗ್ರಂಥಾಲಯ ಕರ 60, ಭಿಕ್ಷುಕರ ಕರ 30 ಎಂದು ಸೇರಿರುತ್ತದೆ. ಈ 240 ರೂಪಾಯಿಯನ್ನು ಪಾಲಿಕೆ ವಸೂಲು ಮಾಡುತ್ತದೆಯಾದರೂ ತನ್ನದೆಂದು ಖರ್ಚು ಮಾಡುವಂತಿಲ್ಲ, ಆಯಾ ಇಲಾಖೆಗೆ ಒಪ್ಪಿಸಬೇಕು. ರಸ್ತೆ ಗುಂಡಿ, ಚರಂಡಿ, ಬೀದಿದೀಪಕ್ಕೆ ಒದಗುವುದು ಮೇಲಿನ ಸಾವಿರ ಮಾತ್ರ. ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಅದರಲ್ಲೂ ಶೇ 5ರ ರಿಯಾಯಿತಿ ಉಂಟು.

ನಗರದ ಆಯವ್ಯಯ ಶುರುವಾಗುವುದೇ ಇಂಥ ಚಲನ್‌ಗಳಿಂದ.

ಕಂದಾಯ, ಆರೋಗ್ಯ, ಎಂಜಿನಿಯರಿಂಗ್ ಶಾಖೆಗಳು ಮುಂದಿನ ವರ್ಷಕ್ಕೆ ಬೇಕಾದ್ದನ್ನು ಬರೆದು ಕೊಡುತ್ತವೆ. ಲೆಕ್ಕ ಶಾಖೆ ಅದನ್ನೆಲ್ಲ ಒಟ್ಟುಗೂಡಿಸುತ್ತದೆ. ಆಯುಕ್ತರ ಕೈ ದಾಟಿ ಬಂದ ಅಂದಾಜು ಪಟ್ಟಿ ‘ತೆರಿಗೆ, ಹಣಕಾಸು ಮತ್ತು ಅಪೀಲು ಸ್ಥಾಯಿ ಸಮಿತಿ’ಯ ಮುಂದೆ ಹೋಗುತ್ತದೆ. ಕೊನೆಗೆ 45 ವಾರ್ಡುಗಳ ಸದಸ್ಯರ ಸಭೆ ಒಪ್ಪಬೇಕು. ಚುನಾಯಿತ ಮಂಡಳಿ ಇಲ್ಲದ ದಿನಗಳಲ್ಲಿ ಆ ಅಧಿಕಾರ ಆಡಳಿತಾಧಿಕಾರಿಯದು. ಇದಕ್ಕೆಲ್ಲ ಆಧಾರ 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ. ದಾವಣಗೆರೆ ಈ ಕಾಯ್ದೆಯ ವ್ಯಾಪ್ತಿಗೆ ಬಂದದ್ದು 2007ರಲ್ಲಿ ಪಾಲಿಕೆಯಾದಾಗ. ಅದಕ್ಕೂ ಮೊದಲು ಇದು ನಗರಸಭೆ.

ಬಜೆಟ್ ಪುಸ್ತಕದಲ್ಲಿ ಕಾಣುವ ಮೊತ್ತವೆಲ್ಲ ಇಷ್ಟಬಂದಂತೆ ಬಳಸುವ ಹಣವಲ್ಲ. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೆ ಬಂದದ್ದು ವೇತನಕ್ಕೆ, ವಿದ್ಯುತ್ತಿಗೆ ಬಂದದ್ದು ವಿದ್ಯುತ್ತಿಗೆ. ಕೇಂದ್ರದ 15ನೇ ಹಣಕಾಸು ಆಯೋಗವೂ ದಾವಣಗೆರೆಯಂಥ ನಗರಗಳಿಗೆ ಕೊಟ್ಟ ಅನುದಾನದ ಬಹುಪಾಲನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಸ್ವಂತ ಆದಾಯದಲ್ಲೂ ಶೇ 24.10 ಪರಿಶಿಷ್ಟರ ಕಲ್ಯಾಣಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಇದು ನ್ಯಾಯವಾದ ಕಟ್ಟಳೆ, ಸಡಿಲಾಗಬಾರದು. ಮಿಕ್ಕ ಕೆಲಸಕ್ಕೆ ಕೈಯಾಡಿಸಲು ಉಳಿಯುವ ಜಾಗ ಸಣ್ಣದು ಎಂಬುದು ಮಾತ್ರ ಓದುಗರಿಗೆ ಗೊತ್ತಿರಬೇಕು. ‘ಉಳಿತಾಯ ಬಜೆಟ್’ ಎಂಬ ತಲೆಬರಹ ಕಂಡಾಗ ಊರಿನ ಕೈಯಲ್ಲಿ ಹಣ ಓಡಾಡುತ್ತಿದೆ ಎಂದುಕೊಳ್ಳುವುದು ತಪ್ಪು.

ದೊಡ್ಡ ಹಣ ಬಂದದ್ದೂ ಉಂಟು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದವು ಎರಡೇ: ಬೆಳಗಾವಿ ಮತ್ತು ದಾವಣಗೆರೆ. ಕೇಂದ್ರದ 500 ಕೋಟಿ, ರಾಜ್ಯದ 500 ಕೋಟಿ ಎಂಬುದು ಯೋಜನೆಯ ಲೆಕ್ಕ. ಆ ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ಕಟ್ಟಿದ ರಸ್ತೆ, ಹಾಕಿದ ದೀಪ, ಕೂರಿಸಿದ ಕ್ಯಾಮೆರಾ ಮುಗಿಯಲಿಲ್ಲ. ಅವಕ್ಕೆ ವರ್ಷವರ್ಷವೂ ರಿಪೇರಿ ಬೇಕು, ಕರೆಂಟು ಬೇಕು, ಜನ ಬೇಕು.

ನೀರಿನ ಕಥೆಯೂ ಹಾಗೆಯೇ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗೆ ‘ಜಲಸಿರಿ’ ಬಂತು. ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಕೊಡುವ ಉದ್ದೇಶ, ಮನೆಮನೆಗೆ ಮೀಟರು. ಹರಿಹರದ ಬಳಿ ತುಂಗಭದ್ರೆಯಿಂದ ನೀರೆತ್ತಿ ದಾವಣಗೆರೆಗೆ ತರುವ ಪಂಪು ಹಗಲಿರುಳು ವಿದ್ಯುತ್ ಬೇಡುತ್ತದೆ. ಆ ಬಿಲ್ಲನ್ನು ನೀರಿನ ಕರದಲ್ಲಿ ಎಷ್ಟು ಹೊರಬಲ್ಲೆವು ಎಂಬ ಪ್ರಶ್ನೆಯೇ, ಊರು ಹತ್ತು ವರ್ಷಕ್ಕೆ ಹಣಕಾಸು ಯೋಜನೆ ಹಾಕಿಕೊಂಡರೆ, ಅದರ ಮೊದಲ ಸಾಲಾಗಬೇಕು.

ಹಾಗೆ ಮುಂದೆ ನೋಡುವಾಗ ಇನ್ನೊಂದು ಎಚ್ಚರವೂ ಬೇಕು. ಆದಾಯದ ಮೂಲ ಒಂದೇ ಕಡೆ ಇದ್ದರೆ ಏನಾಗುತ್ತದೆಂದು ಹರಿಹರಕ್ಕೆ ಗೊತ್ತು. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದಾಗ ಪೇಟೆಯ ವ್ಯಾಪಾರವೂ ಕುಗ್ಗಿತು.

ಬ್ಯಾಂಕನ್ನು ಬಿಟ್ಟರೆ ಸಾಲದ ಇನ್ನೊಂದು ದಾರಿ ಬಾಂಡು, ಅಂದರೆ ಹೂಡಿಕೆದಾರರಿಂದ ನೇರವಾಗಿ ಎತ್ತುವ ಸಾಲ. ಭಾರತದಲ್ಲಿ ಮೊದಲು ಅದನ್ನು ಹಿಡಿದದ್ದು ಬೆಂಗಳೂರು ಪಾಲಿಕೆಯೇ, 1997ರಲ್ಲಿ, ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ. ಮರುವರ್ಷ ಅಹಮದಾಬಾದ್ ಯಾವ ಖಾತರಿಯೂ ಇಲ್ಲದೆ 100 ಕೋಟಿ ಎತ್ತಿತು. ತೆರಿಗೆ ವಸೂಲಿ ನೆಟ್ಟಗಿದ್ದು ಲೆಕ್ಕಪತ್ರ ಶುದ್ಧವಾಗಿದ್ದರೆ ಮಾತ್ರ ಹೂಡಿಕೆದಾರರು ಊರನ್ನು ನಂಬುತ್ತಾರೆ.

ಬಜೆಟ್‌ಗೆ ಮುಂಚೆ ಪಾಲಿಕೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ರೂಢಿಯಿದೆ. ಅಲ್ಲಿ ಹೆಚ್ಚಾಗಿ ಕೇಳಿಬರುವುದು ಹೊಸ ಪಾರ್ಕು, ಹೊಸ ರಸ್ತೆಯ ಬೇಡಿಕೆ. ಮುಂದಿನ ಸಭೆಗೆ ಹೋಗುವವರು ಇನ್ನೊಂದು ಪ್ರಶ್ನೆಯನ್ನೂ ಒಯ್ಯಲಿ: ಈಗಾಗಲೇ ಇರುವುದರ ನಿರ್ವಹಣೆಗೆ ಈ ವರ್ಷ ಎಷ್ಟು ತೆಗೆದಿರಿಸಿದ್ದೀರಿ?